ಪಂಚಾಯಿತಿ ಮೆಂಬರರ ನಿರಾಹಾರ ಸಿದ್ಧಾಂತ

ಗ್ರಾಮ ಪಂಚಾಯಿತಿ ಸದಸ್ಯನಿಗೆ ಹೊಟ್ಟೆ ಇದೆಯೇ ಎಂಬ ಪ್ರಶ್ನೆಯನ್ನು ನಮ್ಮ ವಿದ್ವಾಂಸರು ಉಪೇಕ್ಷಿಸಿಕೊಂಡೇ ಬಂದಿದ್ದಾರೆ. 1993ರ ಪಂಚಾಯತ್ ರಾಜ್ ಅಧಿನಿಯಮವು ಕುಡಿಯುವ ನೀರು, ಬೀದಿ ದೀಪ, ಚರಂಡಿಗಳನ್ನು ಪಂಚಾಯಿತಿಯ ತಲೆಗೆ ಧಾರಾಳವಾಗಿ ಕಟ್ಟಿತು. ಅದನ್ನೆಲ್ಲ ಹೊರುವ ಸದಸ್ಯನು ಆಹಾರವಿಲ್ಲದೆ ಬರೀ ಹಾರದ ಮೇಲೆ ಬದುಕುವ ಜೀವಿಯೆಂದು ಸಾಧಿಸುವುದೇ ಈ ಪ್ರಬಂಧದ ಉದ್ದೇಶ.

ಮೊದಲು ಪ್ರಮಾಣ. ಸದಸ್ಯನ ತಿಂಗಳ ಗೌರವಧನ 1,000 ರೂಪಾಯಿ ಇದ್ದದ್ದು 2022ರಲ್ಲಿ ದುಪ್ಪಟ್ಟಾಗಿ 2,000 ಆಯಿತು. ಅಧ್ಯಕ್ಷರಿಗೆ 6,000, ಉಪಾಧ್ಯಕ್ಷರಿಗೆ 4,000. ಇತ್ತ 2025ರಲ್ಲಿ ನರೇಗಾ ಕೂಲಿ ದಿನಕ್ಕೆ 370 ಆಯಿತು. ಅಂದರೆ ಕೆರೆಯ ಹೂಳೆತ್ತುವವನು ಸುಮಾರು ಐದೂವರೆ ದಿನಕ್ಕೆ ದುಡಿಯುವುದನ್ನು, ಆ ಕಾಮಗಾರಿಗಾಗಿ ಗ್ರಾಮಸಭೆಯಲ್ಲಿ ಗಂಟಲು ಹರಿದುಕೊಂಡ ಸದಸ್ಯ ಒಂದು ತಿಂಗಳಿಗೆ ಪಡೆಯುತ್ತಾನೆ. ಹೊಟ್ಟೆಯುಳ್ಳ ಪ್ರಾಣಿಗೆ ಇದು ಸಾಧ್ಯವಿಲ್ಲ. ಆದ್ದರಿಂದ ಹೊಟ್ಟೆಯಿಲ್ಲ.

ಇಲ್ಲೊಂದು ಪೂರ್ವಪಕ್ಷ: ‘ಸಭೆಗೆ ಬಂದು, ಸಹಿ ಹಾಕಿ, ಉಪ್ಪಿಟ್ಟು ತಿಂದು ಹೋಗುವವನಿಗೆ ಎರಡು ಸಾವಿರವೇ ಹೆಚ್ಚು.’ ಉಪ್ಪಿಟ್ಟಿನ ಉಲ್ಲೇಖ ನಮ್ಮ ಸಿದ್ಧಾಂತಕ್ಕೆ ಕೊಂಚ ತೊಡಕು, ಅಪವಾದವೆಂದು ಬದಿಗಿಡೋಣ. ಉಳಿದದ್ದಕ್ಕೆ ಕ್ಷೇತ್ರಕಾರ್ಯವೇ ಉತ್ತರ.

ಬೆಳಗ್ಗೆ ಆರಕ್ಕೆ ಫೋನು: ‘ಮೆಂಬ್ರೇ, ನೀರು ಬಂದಿಲ್ಲ.’ ಬೋರ್‌ವೆಲ್ಲಿನ ಸ್ಟಾರ್ಟರ್ ಸುಟ್ಟಿದೆ. ನೀರುಗಂಟಿ ನೆಂಟರ ಊರಿಗೆ ಹೋಗಿದ್ದಾನೆ. ಮೆಂಬರ್ರು ಸ್ಟಾರ್ಟರನ್ನು ಟಿವಿಎಸ್ ಎಕ್ಸೆಲ್ಲಿನ ಕಾಲ್ಸಂದಿಯಲ್ಲಿಟ್ಟುಕೊಂಡು ತಾಲ್ಲೂಕು ಕೇಂದ್ರಕ್ಕೆ ಹೊರಡುತ್ತಾರೆ. ರಿಪೇರಿಯವನು ಅದನ್ನು ಮುಟ್ಟದೆಯೇ ಹಳೇ ಬಾಕಿ ಕೇಳುತ್ತಾನೆ. ಬಿಲ್ಲು ಮುಂದಿನ ಸಭೆಯಲ್ಲಿ ಪಾಸಾಗಬೇಕು, ಆಮೇಲೆ ಪಿಡಿಒ ಕೈಯಲ್ಲಿ ಮಾಗಬೇಕು. ಅಲ್ಲಿಯತನಕ ಜೇಬು ಮೆಂಬರರದೇ. ಸಂಜೆ ನಲ್ಲಿಯಲ್ಲಿ ನೀರು ಬಂದಾಗ ಬೀದಿಯ ಅಭಿಪ್ರಾಯ: ‘ಇದನ್ನೇ ಬೆಳಗ್ಗೆ ಬಿಡೋಕೆ ಏನಾಗಿತ್ತು?’ ಪೆಟ್ರೋಲು, ವಾರ್ಡಿನ ಮದುವೆಗಳ ಮುಯ್ಯಿ, ಗಣಪತಿ ಚಂದಾ ಇವುಗಳಿಗೆ ಗೌರವವನ್ನೇ ಚಿಲ್ಲರೆ ಮಾಡಿಸಿಕೊಡಬೇಕು.

ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಕೂಲಿಗೆ ಹೋಗುವ ಸದಸ್ಯೆ ಹನ್ನೊಂದರ ಸಭೆಗೆಂದು ಆ ದಿನದ ಕೂಲಿ ಬಿಟ್ಟು ಬಂದರೆ, ಪಿಡಿಒ ತಾಲ್ಲೂಕು ಪಂಚಾಯಿತಿಯ ಮೀಟಿಂಗು ಮುಗಿಸಿ ಬರುವುದು ಒಂದೂವರೆಗೆ. ಅವಳ ಕುರ್ಚಿಯಲ್ಲಿ ಪತಿರಾಯ ಬಂದು ಕೂತರೆ ಎಲ್ಲರೂ ಬೈಯುತ್ತಾರೆ, ಬೈಯಬೇಕಾದದ್ದೇ. ಆ ದಿನದ ಕೂಲಿಯನ್ನು ಯಾರು ತುಂಬಿಕೊಡಬೇಕೆಂದು ಮಾತ್ರ ಬೈದವರಲ್ಲಿ ಒಬ್ಬರೂ ಕೇಳಿದ್ದಿಲ್ಲ.

ಪರ್ಸೆಂಟೇಜ್ ಎಂಬ ಗುಪ್ತ ಆಹಾರದ ಬಗ್ಗೆಯೂ ವದಂತಿಗಳಿವೆ. ಕೈ ಚಾಚಿದವನನ್ನು ಲೋಕ ಭ್ರಷ್ಟನೆನ್ನುತ್ತದೆ. ಚಾಚದವನನ್ನು ‘ಅನುಕೂಲಸ್ಥ, ಅವನಿಗೇನು ಬಿಡಿ’ ಎನ್ನುತ್ತದೆ. ಬಡವನೂ ಪ್ರಾಮಾಣಿಕನೂ ಆದ ಮೂರನೆಯ ಪ್ರಭೇದ ಒಂದೇ ಅವಧಿಯಲ್ಲಿ ನಶಿಸುವುದರಿಂದ ಅಧ್ಯಯನಕ್ಕೆ ಸಿಗುವುದು ಕಷ್ಟ.

ಕುತೂಹಲದ ಸಂಗತಿಯೆಂದರೆ, ಹೊಟ್ಟೆಯೆಂಬ ಅಂಗ ವಿಧಾನಸೌಧದ ಮೆಟ್ಟಿಲು ಹತ್ತುವಾಗ ತಾನಾಗಿ ಮೂಡುತ್ತದೆ. 2025ರ ಮಾರ್ಚ್‌ನಲ್ಲಿ ಶಾಸಕರ ವೇತನ 40,000ದಿಂದ 80,000ಕ್ಕೆ ಏರಿತು. ಸದನದ ತುಂಬ ಗದ್ದಲ, ಚರ್ಚೆಯೇ ಇಲ್ಲ. ಆ ಗದ್ದಲದಲ್ಲೂ ಪರಸ್ಪರರ ಹಸಿವಿನ ಸದ್ದು ಅವರಿಗೆ ಅಷ್ಟು ಸ್ಪಷ್ಟವಾಗಿ ಕೇಳಿಸಿದ್ದು ಧ್ವನಿಶಾಸ್ತ್ರಜ್ಞರಿಗೆ ಬಿಟ್ಟ ವಿಷಯ.

ಇನ್ನು ಕೆಲಸದ ಪರಿಸ್ಥಿತಿ ಸುಧಾರಿಸುವ ಮಾರ್ಗ. ಅದನ್ನು ಸರ್ಕಾರಗಳು ಈಗಾಗಲೇ ಕಂಡುಹಿಡಿದಿವೆ. 1987ರಲ್ಲಿ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಕೊಟ್ಟ ಕರ್ನಾಟಕದಲ್ಲಿ, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು ನಾಲ್ಕು ವರ್ಷ ದಾಟಿದರೂ ಚುನಾವಣೆ ನಡೆಯಲಿಲ್ಲ. ಬೆಂಗಳೂರಿನ ಕಾರ್ಪೊರೇಟರುಗಳು 2020ರ ಸೆಪ್ಟೆಂಬರಿನಲ್ಲೇ ಈ ಮುಕ್ತಿ ಪಡೆದರು. ಆಮೇಲಿನ ಐದು ವರ್ಷಗಳಲ್ಲಿ ವೇತನ ಕಡಿಮೆಯಾಯಿತೆಂದಾಗಲಿ, ಬೆಳಗ್ಗೆ ಆರಕ್ಕೆ ಫೋನು ಬಂತೆಂದಾಗಲಿ ಆ ಸ್ಥಾನಗಳಿಂದ ಒಂದೇ ಒಂದು ದೂರು ದಾಖಲಾಗಿಲ್ಲ.