ಬಾಕ್ಸ್ ಫೈಲಿನೊಳಗಿನ ಪರಿಹಾರ ಬೋಧನೆ

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ಆಡಿಕೊಳ್ಳುವುದು ಕೆಲವರಿಗೆ ಚಟ. ಹುಡುಗರಿಗೆ ಏನೂ ಬರುವುದಿಲ್ಲ, ಬರದಿದ್ದದ್ದನ್ನು ಯಾರೂ ಹೇಳಿಕೊಡುವುದಿಲ್ಲ ಎಂದು ಅವರದು ಒಂದೇ ರಾಗ. ಇಂಥವರು ಒಮ್ಮೆಯಾದರೂ ಕಾಲೇಜಿನ ಐಕ್ಯೂಎಸಿ (ಆಂತರಿಕ ಗುಣಮಟ್ಟ ಖಾತರಿ ಕೋಶ) ಕೊಠಡಿಗೆ ಹೋಗಿ ಕಬ್ಬಿಣದ ಬೀರು ತೆಗೆಸಿ ನೋಡಬೇಕು. 'ಪರಿಹಾರ ಬೋಧನೆ' ಎಂದು ಬೆನ್ನಿಗೆ ಚೀಟಿ ಅಂಟಿಸಿಕೊಂಡ ಬಾಕ್ಸ್ ಫೈಲುಗಳು ಅಲ್ಲಿ ವರ್ಷವಾರು ನಿಂತಿವೆ. ಸುತ್ತೋಲೆಯಿಂದ ಹಿಡಿದು ಜಿಯೋಟ್ಯಾಗ್ ಆದ ಬಣ್ಣದ ಫೋಟೊದವರೆಗೆ ಒಂದು ಹಾಳೆಯೂ ಹಿಂದುಮುಂದಾಗಿಲ್ಲ. ನಮ್ಮ ತಾಲ್ಲೂಕಿನ ಕಾಲೇಜು ಅಭಿವೃದ್ಧಿ ಸಮಿತಿಯಲ್ಲಿ ಕೂತು ಕಾಫಿ ಕುಡಿಯುವ ಭಾಗ್ಯ ನನ್ನದಾಗಿರುವುದರಿಂದ ಈ ಸಾಧನೆಯನ್ನು ತೀರಾ ಹತ್ತಿರದಿಂದ ಕಂಡಿದ್ದೇನೆ. ಕಂಡದ್ದನ್ನು ಹೇಳದಿದ್ದರೆ ಕೃತಘ್ನತೆಯಾದೀತು.

ಮೊದಲೆಲ್ಲ ಇಷ್ಟು ಅಚ್ಚುಕಟ್ಟಿರಲಿಲ್ಲ. ಹನ್ನೊಂದನೇ ಯೋಜನೆಯ ಕಾಲದಲ್ಲಿ (2007-12) ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ವಿದ್ಯಾರ್ಥಿಗಳ ರೆಮಿಡಿಯಲ್ ಕೋಚಿಂಗ್‌ಗೆಂದು ಯುಜಿಸಿಯವರು ಕಾಲೇಜುಗಳಿಗೆ ಪ್ರತ್ಯೇಕ ಹಣ ಕೊಡುತ್ತಿದ್ದರು. ಹಣ ಬಂತೆಂದರೆ ಲೆಕ್ಕ ಒಪ್ಪಿಸಬೇಕು, ಲೆಕ್ಕ ಒಪ್ಪಿಸಲು ಯಾರಾದರೂ ಪಾಠ ಮಾಡಿರಬೇಕು. ಎಷ್ಟೊಂದು ಕಿರಿಕಿರಿ! ಹನ್ನೆರಡನೇ ಯೋಜನೆ 2017ಕ್ಕೆ ಮುಗಿದು ಪಂಚವಾರ್ಷಿಕ ಯೋಜನೆಗಳೇ ನಿಂತುಹೋದ ಮೇಲೆ ನಮ್ಮಂಥ ಕಾಲೇಜುಗಳು ಹಗುರಾದವು. ಈಗ ಹಣದ ತೊಡಕಿಲ್ಲ. ಮಾಡಿದಿರಾ ಎಂದು ಕೇಳುವ ಕಾಲಂ ಮಾತ್ರ ಉಳಿದಿದೆ.

ಆ ಕಾಲಂ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನದು. 1994ರಲ್ಲಿ ಹುಟ್ಟಿ ಬೆಂಗಳೂರಿನ ನಾಗರಬಾವಿಯಲ್ಲಿ ನೆಲೆಸಿರುವ ಈ ಸಂಸ್ಥೆ ಕಲಿಕೆಯ ಮಟ್ಟ ಅಳೆದು, ನಿಧಾನ ಕಲಿಯುವವರಿಗೆ ಬೇರೆ, ಚುರುಕಾಗಿ ಕಲಿಯುವವರಿಗೆ ಬೇರೆ ಕಾರ್ಯಕ್ರಮ ಮಾಡಿದ್ದೀರಾ ಎಂದು ವಿಚಾರಿಸುತ್ತ ಬಂದಿದೆ. ಮಾಡಿದ್ದೇವೆ. ಎರಡೂ ಕಾರ್ಯಕ್ರಮಗಳ ಫೋಟೊದಲ್ಲಿ ಅದೇ ಕೊಠಡಿ, ಅದೇ ಮೊದಲ ಸಾಲಿನ ಹುಡುಗಿಯರು, ಗೋಡೆಗೆ ಬೇರೆ ಬೇರೆ ಬ್ಯಾನರ್. ಮೊದಲ ಸಾಲಿನವರು ಕಾಲೇಜಿಗೇ ಹೆಚ್ಚು ಅಂಕ ತೆಗೆಯುವವರು. ನಿಧಾನ ಕಲಿಯುವವರ ಜಾಗದಲ್ಲಿ ಇವರೇಕೆ ಎಂದು ಸಮಿತಿಯ ಹೊಸ ಸದಸ್ಯರೊಬ್ಬರು ಕೇಳಿದರು. ಕ್ಯಾಮೆರಾ ಎದುರು ತಲೆ ಬಗ್ಗಿಸಿ ನೋಟ್ಸ್ ಬರೆಯುವುದು ಎಲ್ಲರಿಗೂ ಒಗ್ಗುವುದಿಲ್ಲ ಎಂದು ಐಕ್ಯೂಎಸಿ ಸಂಯೋಜಕರು ವಿನಯದಿಂದ ವಿವರಿಸಿದರು.

ಇನ್ನು ಯಾರು ನಿಧಾನ, ಯಾರು ಚುರುಕು ಎಂದು ವಿಂಗಡಿಸುವ ಕೆಲಸ. ಸೆಮಿಸ್ಟರ್ ಫಲಿತಾಂಶ ನೋಡಿ ಹೇಳಬಹುದಲ್ಲ ಎನ್ನುವವರಿಗೆ ವಿಶ್ವವಿದ್ಯಾಲಯಗಳ ಸ್ವಭಾವ ಗೊತ್ತಿಲ್ಲ. ಫಲಿತಾಂಶ ಪೋರ್ಟಲ್‌ನಲ್ಲಿ ಪ್ರತ್ಯಕ್ಷವಾಗುವಷ್ಟರಲ್ಲಿ ಮುಂದಿನ ಸೆಮಿಸ್ಟರ್ ಅರ್ಧ ಕಳೆದಿರುತ್ತದೆ. ಯಾವ ವಿಷಯದಲ್ಲಿ ಹಿಂದುಳಿದಿದ್ದೇನೆಂದು ವಿದ್ಯಾರ್ಥಿಗೆ ತಿಳಿಯುವ ಹೊತ್ತಿಗೆ ಆ ವಿಷಯವೇ ಹಿಂದೆ ಉಳಿದಿರುತ್ತದೆ. ಹಳೆಯ ಅಂಕಪಟ್ಟಿಗಳನ್ನು ನಂಬೋಣವೆಂದರೆ, 2024ರ ಎಸ್ಸೆಸ್ಸೆಲ್ಸಿಯ ಮಕ್ಕಳು ಈಗ ಪದವಿಯ ಬಾಗಿಲಿಗೆ ಬರುತ್ತಿದ್ದಾರೆ. ಅವರ ವರ್ಷ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು, ಅದರ ಬೆನ್ನಿಗೆ ಫಲಿತಾಂಶ ಕುಸಿಯತೊಡಗಿತು. ಆಗ ಗ್ರೇಸ್ ಅಂಕವನ್ನು ಶೇ 10ರಿಂದ 20ಕ್ಕೆ ಏರಿಸಿ, ಅದನ್ನು ಪಡೆಯಲು ಬೇಕಾದ ಕನಿಷ್ಠ ಅಂಕವನ್ನು ಶೇ 35ರಿಂದ 25ಕ್ಕೆ ಇಳಿಸಿ, ಶೇ 73.40 ಮಂದಿಯನ್ನು ದಡ ಸೇರಿಸಲಾಯಿತು. ರಾಜ್ಯ ಕಂಡ ಅತ್ಯಂತ ವೇಗದ ಪರಿಹಾರ ಬೋಧನೆ ಇದೇ ಇರಬೇಕು. ಪಾಠ ಮಾಡಿ ಇಷ್ಟು ಜನರಿಗೆ ಗಣಿತ ಕಲಿಸಬೇಕೆಂದರೆ ವರ್ಷಗಳೇ ಬೇಕಾಗುತ್ತಿದ್ದವು. ಈಗ ಉತ್ತೀರ್ಣ ಅಂಕವೇ 35ರಿಂದ 33ಕ್ಕೆ ಇಳಿದಿರುವುದರಿಂದ ಎಷ್ಟೋ ನಿಧಾನ ಕಲಿಯುವವರು ತಾವು ನಿಧಾನವೆಂಬುದು ಗೊತ್ತಾಗುವ ಮೊದಲೇ ಗುಣವಾಗಲಿದ್ದಾರೆ.

ಅಸರ್ ಸಮೀಕ್ಷೆಯವರಿಗೆ ಮಾತ್ರ ಈ ಸೂಕ್ಷ್ಮ ಅರ್ಥವಾಗುವುದಿಲ್ಲ. ಹುಡುಗರನ್ನು ಎದುರಿಗೆ ಕೂರಿಸಿಕೊಂಡು ಓದಿಸಿ ನೋಡುವ ಹಳೇ ಪದ್ಧತಿಯನ್ನೇ ಹಿಡಿದುಕೊಂಡಿದ್ದಾರೆ. 2023ರಲ್ಲಿ 26 ರಾಜ್ಯಗಳ 28 ಗ್ರಾಮೀಣ ಜಿಲ್ಲೆಗಳಲ್ಲಿ 14ರಿಂದ 18 ವಯಸ್ಸಿನವರನ್ನು ಹಾಗೆ ಕೂರಿಸಿ, ಸುಮಾರು ಕಾಲು ಭಾಗದವರು ತಮ್ಮ ಭಾಷೆಯ ಎರಡನೇ ತರಗತಿ ಮಟ್ಟದ ಪಾಠವನ್ನು ಸರಾಗವಾಗಿ ಓದಲಾರರು, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ 43.3 ಮಾತ್ರ ಎಂದು ಬರೆದರು. ನಮ್ಮ ಫೈಲಿನ ಪರೀಕ್ಷೆಗಳಲ್ಲಿ ಇಂಥ ಅಮಂಗಳ ಕಾಣಿಸದು. ತರಗತಿಗೆ ಮುಂಚಿನ ಪರೀಕ್ಷೆಯಲ್ಲಿ ಎಂಟು ಬಂದವನಿಗೆ ಆಮೇಲಿನ ಪರೀಕ್ಷೆಯಲ್ಲಿ ಹದಿನಾಲ್ಕು ಬರುತ್ತದೆ. ಒಂಬತ್ತಕ್ಕೇ ನಿಂತರೆ ನ್ಯಾಕ್ ಕಳಿಸುವ ಪೀರ್ ಟೀಮ್‌ಗೆ ಬೇಸರ, ಹತ್ತೊಂಬತ್ತಕ್ಕೆ ಹಾರಿದರೆ ಅನುಮಾನ. ಒಗ್ಗರಣೆಗೆ ಸಾಸಿವೆ ಹಾಕುವವಳ ಕೈಗಿರುವ ಅಂದಾಜು ನಮ್ಮ ಸಂಯೋಜಕರ ಪೆನ್ನಿಗೂ ಇದೆ.

ವೇಳಾಪಟ್ಟಿಯ ಜಾಣ್ಮೆಯನ್ನಂತೂ ಎಷ್ಟು ಹೊಗಳಿದರೂ ಸಾಲದು. ತರಗತಿ ಸಂಜೆ ನಾಲ್ಕಕ್ಕೆ. ಹಳ್ಳಿ ಕಡೆಯ ಬಸ್ಸು ನಾಲ್ಕಕ್ಕೆ ಮುಂಚೆಯೇ ನಿಲ್ದಾಣ ಬಿಡುತ್ತದೆ, ಅದು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹುಡುಗಿಯರಿಗೆ ಟಿಕೆಟ್ ಉಚಿತವಾಯಿತು. ಬಸ್ಸಿನ ಹೊತ್ತು ಮಾತ್ರ ಹಳೆಯದೇ. ಹೀಗಾಗಿ ಪರಿಹಾರ ಬೋಧನೆಗೆ ಹೆಸರು ಬರೆಸಿಕೊಂಡವರೆಲ್ಲ ಆ ಹೊತ್ತಿಗೆ ಬಸ್ಸಿನಲ್ಲಿರುತ್ತಾರೆ. ಹಾಜರಿ ಬರೆಯುವಾಗ ಅಡ್ಡ ಬರುವವರು ಯಾರೂ ಇರುವುದಿಲ್ಲ.

ಪಾಠ ಮಾಡುವವರು ಯಾರು ಎಂಬ ಪ್ರಶ್ನೆಯೂ ಆಗಾಗ ಏಳುತ್ತದೆ. ನಮ್ಮ ಕಾಲೇಜು ನಿಂತಿರುವುದು ಅತಿಥಿ ಉಪನ್ಯಾಸಕರ ಮೇಲೆ. 2022ರ ಜನವರಿಯಲ್ಲಿ ಸರ್ಕಾರ ಅವರ ಗೌರವಧನವನ್ನು ಗರಿಷ್ಠ 32 ಸಾವಿರ ರೂಪಾಯಿಗೆ ಏರಿಸಿ, ವಾರದ ಕಾರ್ಯಭಾರವನ್ನು 15 ಗಂಟೆ ಮಾಡಿತು. ಇಬ್ಬರ ಪಾಠ ಒಬ್ಬರಿಗೆ ಬಂತು, ಇನ್ನೊಬ್ಬರು ಮನೆಗೆ ಹೋದರು. ಪರಿಹಾರ ಬೋಧನೆಯ ಗಂಟೆಯನ್ನು ನಮ್ಮಲ್ಲಿ ಈ 15ರೊಳಗೆ ಹಿಡಿಯುವುದಿಲ್ಲ, ಅದು ಸೇವೆ. ಜೊತೆಗೆ 2024-25ರಲ್ಲಿ ಮೊದಲ ವರ್ಷದವರಿಗೆ ರಾಜ್ಯ ಶಿಕ್ಷಣ ನೀತಿಯ ಪಠ್ಯ, ಹಿರಿಯರಿಗೆ ರಾಷ್ಟ್ರೀಯ ಶಿಕ್ಷಣ ನೀತಿಯದು ಎಂದಾದಾಗ ಉಪನ್ಯಾಸಕರೇ ಯಾವ ಕೊಠಡಿಯಲ್ಲಿ ಯಾವ ನೀತಿ ಎಂದು ಕಲಿಯಬೇಕಾಯಿತು. ಅವರಿಗೂ ಒಂದು ಪರಿಹಾರ ಬೋಧನೆ ಇಡೋಣವೆಂದು ನಾನು ಸೂಚಿಸಿದ್ದೆ. ಫೈಲು ತೆರೆಯಲು ಒಪ್ಪಿಗೆ ಸಿಕ್ಕಿದೆ.

ಖಾಸಗಿ ಸಹಭಾಗಿತ್ವವನ್ನೂ ಮರೆಯಬಾರದು. ಗೇಟಿನೆದುರಿನ ಝೆರಾಕ್ಸ್ ಅಂಗಡಿಯಲ್ಲಿ ಪ್ರತಿ ವಿಷಯಕ್ಕೂ ತೆಳ್ಳನೆಯ 'ಪಾಸಿಂಗ್ ಪ್ಯಾಕೇಜ್' ಸಿಗುತ್ತದೆ. ಕನ್ನಡ ಮಾಧ್ಯಮದಿಂದ ಬಂದು ಬಿಕಾಂನ ಇಂಗ್ಲಿಷ್ ಪುಸ್ತಕದೆದುರು ಕಂಗಾಲಾದವರಿಗೆ ಅಂಗಡಿಯವನೇ, 'ಇದು ಗ್ಯಾರಂಟಿ ಬರುತ್ತೆ, ಇದು ಬಿಡು' ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಡುತ್ತಾನೆ. ಮಟ್ಟ ಅಳೆಯುವುದು, ಬೋಧನೆ, ಸಮಾಲೋಚನೆ ಎಲ್ಲ ಒಂದೇ ಕಡೆ, ಅದೂ ಬಸ್ಸಿಗೆ ಮುಂಚೆ. ನ್ಯಾಕ್ ಬಂದಾಗ ಈತನನ್ನೂ ಭೇಟಿ ಮಾಡಿಸಬೇಕೆಂಬುದು ನನ್ನ ಆಸೆ.

ಇಷ್ಟೆಲ್ಲ ಸುಸೂತ್ರವಾಗಿರುವಾಗ ಶಿಸ್ತು ಕೆಡಿಸುವವರೂ ಇರುತ್ತಾರೆ. ವಾಣಿಜ್ಯ ವಿಭಾಗದ ಅತಿಥಿ ಉಪನ್ಯಾಸಕರೊಬ್ಬರು ಊಟದ ವಿರಾಮದಲ್ಲಿ, ಸೈಕಲ್ ಸ್ಟ್ಯಾಂಡಿನ ಕಟ್ಟೆ ಮೇಲೆ, ಏಳೆಂಟು ಮಂದಿಯನ್ನು ಕೂರಿಸಿಕೊಂಡು ಶೇಕಡಾ ಲೆಕ್ಕ ಹೇಳಿಕೊಡುತ್ತಿದ್ದರಂತೆ. ಶೇ 18 ಜಿಎಸ್‌ಟಿ ಸೇರಿ 1,180 ರೂಪಾಯಿ ಆದ ಬಿಲ್ಲಿನಲ್ಲಿ ತೆರಿಗೆ ಎಷ್ಟು ಎಂದರೆ ಎಲ್ಲರೂ 212 ರೂಪಾಯಿ 40 ಪೈಸೆ ಎಂದರಂತೆ. ಒಬ್ಬಳು ಮಾತ್ರ, 'ಸಾರ್, ಭಾಗಾಕಾರದಿಂದ ಹೇಳ್ಕೊಡ್ತೀರಾ?' ಎಂದಳಂತೆ. ಈತ ಭಾಗಾಕಾರದಿಂದಲೇ ಶುರು ಮಾಡಿದರು. 180 ಬರುವ ಹೊತ್ತಿಗೆ ವಾರ ಕಳೆಯಿತು. ಕೊನೆಕೊನೆಗೆ ಬಿಎ ಹುಡುಗರೂ ಬಂದು ಕೂರತೊಡಗಿದರು.

ವಿಷಯ ಸಮಿತಿಯ ಮುಂದೆ ಬಂದಾಗ ನಮಗೆಲ್ಲ ಆತಂಕವಾಯಿತು. ಸುತ್ತೋಲೆ ಇಲ್ಲ, ಹಾಜರಿ ಇಲ್ಲ, ಒಂದು ಫೋಟೊ ಕೂಡ ಇಲ್ಲ. ಭಾಗಾಕಾರ ಬಿಕಾಂ ಪಠ್ಯದಲ್ಲಿಯೂ ಇಲ್ಲ. 'ನೋಡ್ರೀ, ನೀವು ಕಲಿಸಿದ್ದಕ್ಕೆ ಸಾಕ್ಷಿ ಏನು?' ಎಂದು ಸಂಯೋಜಕರು ಕೇಳಿದರು. 'ಅವ್ರಿಗೀಗ ಲೆಕ್ಕ ಬರುತ್ತೆ ಸಾರ್' ಎಂಬ ಉತ್ತರವನ್ನು ಯಾವ ಕಾಲಂಗೆ ಹಾಕಬೇಕೆಂದು ಯಾರಿಗೂ ತೋಚಲಿಲ್ಲ.

ಆದರೂ ಸಮಿತಿ ಉದಾರವಾಗಿಯೇ ನಡೆದುಕೊಂಡಿತು. ನೋಟಿಸ್ ಕೊಡುವ ಬದಲು ಅವರನ್ನೇ ಪರಿಹಾರ ಬೋಧನೆಯ ಉಸ್ತುವಾರಿ ಮಾಡಿತು. ಐದು ವರ್ಷದ ಹಾಜರಿ ವಹಿಗಳನ್ನು ಹೊಸ ನಮೂನೆಗೆ ಇಳಿಸುವ ಕೆಲಸ ಈಗ ಅವರದು. ಊಟದ ವಿರಾಮದಲ್ಲೇ ಮಾಡಿ ಮುಗಿಸಬೇಕೆಂದು ಠರಾವಾಗಿದೆ.