ಪಾಯಸಕ್ಕೆ ಏನು ಬೆರೆಸಿದ್ದೀರಿ, ಅಜ್ಜಿ?

ನಮ್ಮ ಮನೆಯಲ್ಲಿ ಕಾರ್ಟೂನಿಗೆ ಪ್ರವೇಶವಿಲ್ಲ. ಮಕ್ಕಳು ಹಾಳಾಗುತ್ತವೆ ಎಂದು ಸೊಸೆ ರಿಮೋಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ. ಅದು ಹೊರಗೆ ಬರುವುದು ಸಂಜೆ 6ಕ್ಕೆ, ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ. ಒಳಗೆ ಹೋಗುವುದು ರಾತ್ರಿ 10ಕ್ಕೆ. ನಡುವೆ ಎಂಟು ಧಾರಾವಾಹಿ. ಆರು ವರ್ಷದ ಮೊಮ್ಮಗಳು ಅಜ್ಜಿಯ ತೊಡೆಯ ಮೇಲೆ ಕೂತು ಎಂಟನ್ನೂ ನೋಡುತ್ತಾಳೆ. ಅದು ಟಿವಿ ನೋಡಿದ ಲೆಕ್ಕಕ್ಕೆ ಬರುವುದಿಲ್ಲ, ಹಿರಿಯರ ಜೊತೆ ಕೂತ ಲೆಕ್ಕಕ್ಕೆ ಬರುತ್ತದೆ. ನಾನು ಮಾತ್ರ ನೋಡುವುದಿಲ್ಲ. ಪೇಪರ್ ಅಡ್ಡ ಹಿಡಿದು ಕೇಳಿಸಿಕೊಳ್ಳುತ್ತೇನೆ.

ಮಗು ಕಲಿತದ್ದೇನು ಕಡಿಮೆಯೇ? ಮಗ್ಗಿ ಇನ್ನೂ ಎರಡನ್ನು ದಾಟಿಲ್ಲ, ನಿಜ. ಆದರೆ ಆಸ್ತಿಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ವಿಧಾನ ಗೊತ್ತು, ಬಾಗಿಲ ಸಂದಿಯಲ್ಲಿ ನಿಂತು ಕದ್ದು ಕೇಳುವ ಭಂಗಿ ಗೊತ್ತು. ತಲೆಗೆ ಪೆಟ್ಟು ಬಿದ್ದು ಹೋದ ನೆನಪು ಇನ್ನೊಂದು ಪೆಟ್ಟಿಗೆ ವಾಪಸು ಬರುತ್ತದೆ ಎಂಬ ವೈದ್ಯವೂ ಗೊತ್ತು. ಮೊನ್ನೆ ಹಬ್ಬದ ದಿನ ಅಜ್ಜಿ ಶ್ಯಾವಿಗೆ ಪಾಯಸ ಕೊಟ್ಟಳು. ಇವಳು ಲೋಟವನ್ನು ಮೂಗಿನ ಹತ್ತಿರ ಹಿಡಿದು, ಒಂದು ಹುಬ್ಬು ಏರಿಸಿ, "ಇದಕ್ಕೆ ಏನು ಬೆರೆಸಿದ್ದೀರಿ, ಅಜ್ಜಿ?" ಎಂದಳು. ಹುಟ್ಟಿದಾಗಿನಿಂದ 'ನೀನು' ಅನ್ನುತ್ತಿದ್ದವಳ ಬಾಯಲ್ಲಿ ಬಹುವಚನ! ಆಮೇಲೆ ಕತ್ತನ್ನು ಮೂರು ಸಲ ಝಟ್ ಝಟ್ಟೆಂದು ತಿರುಗಿಸಿದಳು. ಹಿನ್ನೆಲೆ ಸಂಗೀತವೂ ಅವಳ ಬಾಯಿಂದಲೇ ಬಂತು. ಇಡೀ ಮನೆ ಬಿದ್ದು ಬಿದ್ದು ನಕ್ಕಿತು. ಎದುರುಮನೆಯಾಕೆ, "ಎಷ್ಟು ಚೂಟಿ! ಆಡಿಷನ್‌ಗೆ ಕಳಿಸಿ" ಎಂದರು. ಡ್ಯಾನ್ಸ್ ರಿಯಾಲಿಟಿ ಶೋಗಳಲ್ಲಿ ಪುಟ್ಟ ಮಕ್ಕಳಿಂದ ದೊಡ್ಡವರ ಸೊಂಟ ಕುಣಿಸಬೇಡಿ ಎಂದು ಕೇಂದ್ರ ಸರ್ಕಾರವೇ 2019ರಲ್ಲಿ ಚಾನೆಲ್‌ಗಳಿಗೆ ಬುದ್ಧಿ ಹೇಳಬೇಕಾಯಿತು. ನಮ್ಮವಳಿಗೆ ಸೊಂಟದ ಗೊಡವೆಯಿಲ್ಲ, ಹುಬ್ಬೇ ಸಾಕು.

ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಆಲ್ಬರ್ಟ್ ಬಂಡೂರಾ ಎಂಬ ಮನೋವಿಜ್ಞಾನಿ 1961ರಲ್ಲಿ ಒಂದು ಪ್ರಯೋಗ ಮಾಡಿದ. ದೊಡ್ಡವರೊಬ್ಬರು ಗಾಳಿ ತುಂಬಿದ ಬೊಂಬೆಗೆ ಬಡಿಯುವುದನ್ನು ಮಕ್ಕಳಿಗೆ ತೋರಿಸಿದ. ಮಕ್ಕಳೂ ಹಾಗೇ ಬಡಿದವು. ಎರಡು ವರ್ಷದ ನಂತರ ಅದನ್ನೇ ಪರದೆಯ ಮೇಲೆ ತೋರಿಸಿದ, ಆಗಲೂ ಬಡಿದವು. ಪಾಪ, ಅವನಿಗೆ ಬೊಂಬೆ ಖರೀದಿಸುವ ಖರ್ಚಿತ್ತು. ನಮ್ಮ ಧಾರಾವಾಹಿಗಳಲ್ಲಿ ಆ ಜಾಗಕ್ಕೆ ಸೊಸೆ ಇದ್ದಾಳೆ.

ಐದು ವರ್ಷದೊಳಗಿನವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಎರಡು ವರ್ಷ ತುಂಬದ ಕೂಸಿಗೆ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ನಮಗೆ ಅನ್ವಯಿಸುವುದಿಲ್ಲ, ಇವಳಿಗೆ ಆರು ತುಂಬಿದೆ. ಐದರೊಳಗಿದ್ದಾಗಲೂ ಅದೇ ತೊಡೆಯ ಮೇಲಿದ್ದಳು, ಆ ಮಾತು ಬೇರೆ. ಇನ್ನು ಜಾಹೀರಾತು: ಗಂಟೆಗೆ 12 ನಿಮಿಷ ಮೀರಬಾರದೆಂಬುದು ನಿಯಮ. ನಾಲ್ಕು ಗಂಟೆಗೆ 48 ನಿಮಿಷ. ಅಷ್ಟರಲ್ಲೇ ಮಗುವಿಗೆ ಅನ್ನ ತಿನ್ನಿಸಬೇಕು. ತುತ್ತು ಬಾಯಿಗೆ, ಚಿಪ್ಸ್ ಕಣ್ಣಿಗೆ.

ಹೋದ ವಾರ ಶಾಲೆಯಿಂದ ಕರೆ ಬಂತು. ಪಕ್ಕದ ಹುಡುಗನಿಗೆ ಇವಳು, "ನಾನು ಬದುಕಿರೋವರೆಗೂ ಆ ರಬ್ಬರ್ ನಿನಗೆ ಸಿಗಲ್ಲ" ಎಂದು ಶಪಥ ಮಾಡಿದ್ದಳಂತೆ. ಹುಡುಗ ಮೂರು ದಿನ ಶಾಲೆಗೆ ಬಂದಿರಲಿಲ್ಲ. ನಾನೂ ಸೊಸೆಯೂ ಹೋದೆವು.

"ಮನೇಲಿ ಕಾರ್ಟೂನ್ ಸ್ವಲ್ಪ ಕಡಿಮೆ ಮಾಡಿ" ಎಂದರು ಟೀಚರ್.

"ನಮ್ಮನೇಲಿ ಕಾರ್ಟೂನ್ ಇಲ್ವೇ ಇಲ್ಲ, ಮಿಸ್" ಎಂದಳು ಸೊಸೆ, ತಲೆಯೆತ್ತಿ.

ಆಟೋದವನಿಗೆ ಇಪ್ಪತ್ತು ರೂಪಾಯಿ ಹೆಚ್ಚು ಕೊಟ್ಟು, 6ಕ್ಕೆ ಐದು ನಿಮಿಷ ಇರುವಾಗ ಮನೆ ಸೇರಿದೆವು.