ಫ್ರಿಜ್ಜಿನಲ್ಲೊಂದು ಹೂದೋಟ

ಜರ್ಮನಿಯಲ್ಲಿರುವ ಅಳಿಯ ವಿಡಿಯೊ ಕಾಲ್‌ನಲ್ಲಿ ಲಿಲಿ ಆಫ್ ದಿ ವ್ಯಾಲಿ ತೋರಿಸಿದ್ದೇ ತಡ, ಜೋರಾಪುರ ಪೇಟೆಯ ನಮ್ಮ ಮಾಳಿಗೆ ಮೇಲೂ ಅದು ಅರಳಬೇಕೆಂದು ಮನೆಯಾಕೆ ಪಟ್ಟು ಹಿಡಿದಳು. ಪುಟ್ಟ ಬಿಳಿ ಗಂಟೆಗಳ ಸಾಲು, ಘಮ್ಮೆನ್ನುವ ವಾಸನೆ. 2011ರಲ್ಲಿ ಬ್ರಿಟನ್ನಿನ ರಾಜಕುಮಾರ ವಿಲಿಯಂನ ಮದುಮಗಳ ಕೈಯಲ್ಲೂ ಇದೇ ಇತ್ತು. ಫ್ರಾನ್ಸಿನವರು ಮೇ 1ಕ್ಕೆ ಇದನ್ನು ಕೊಟ್ಟು ಶುಭ ಕೋರುತ್ತಾರೆ. ಅದೇ ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟಿ, ನಮ್ಮ ತುಳಸಿಯೇ ನೆರಳು ಹುಡುಕುತ್ತಿರುತ್ತದೆ.

ಈ ಮಹಾರಾಣಿಗೋ ನೆರಳು ಬೇಕು, ತೇವ ಬೇಕು, ಚಳಿಗಾಲದಲ್ಲಿ ಕೊರೆಯುವ ಥಂಡಿ ತಾಗದಿದ್ದರೆ ಮೊಗ್ಗೇ ಬಿಡುವುದಿಲ್ಲ.

“ಅಲ್ರೀ, ಮನ್ಯಾಗ ಫ್ರಿಜ್ ಐತೆಲ್ಲ?”

ಐತಿ. ಆದರೆ ಅಲ್ಲಿ ಕೆನೆಮೊಸರು, ಕೆಂಪು ರಂಜಕ, ಯಾರದೋ ಮದುವೆಯ ಬುಂದಿಲಾಡು ಕಾಯಂ ಬಾಡಿಗೆಗಿವೆ. ಈ ಗಿಡದ ಎಲೆ, ಹೂವು, ಬೇರು ಎಲ್ಲವೂ ಹೃದಯದ ಬಡಿತ ಕೆಡಿಸುವಂಥ ವಿಷ ಎಂದೆ. ಆಕೆ ಒಮ್ಮೆ ಫ್ರಿಜ್ಜನ್ನು, ಒಮ್ಮೆ ನನ್ನನ್ನು ನೋಡಿದಳು.

“ಹೌದೇನ್ರೀ? ಮೊದ್ಲ ಹೇಳಬಾರದ?”

ಸದ್ಯ ಕುಂಡದಲ್ಲಿ ಸುಗಂಧರಾಜದ ಗಡ್ಡೆ ಊರಿದ್ದೇವೆ. ಮೆಕ್ಸಿಕೊ ಮೂಲದ್ದು, ಬಿಸಿಲಿಗೆ ಹೆದರುವುದಿಲ್ಲ. ಚಹಾ ಮಾತ್ರ ಈಗ ನಾನೇ ಮಾಡಿಕೊಳ್ಳುತ್ತೇನೆ.